ಆಗುಂಬೆಯ ಮಳೆಯಲ್ಲಿ ಗೆಳೆಯರೊಂದಿಗೆ ನಡೆಯುವ ನಮ್ಮ ಕ್ರಮ

ಮಳೆಗಾಲದಲ್ಲಿ ಆಗುಂಬೆಗೆ ನಡೆಯಲು ಹೋಗುತ್ತೇವೆ ಎಂದರೆ, ಸೂರ್ಯಾಸ್ತ ನೋಡುವ ಜಾಗದಿಂದ ಏನಾದರೂ ಕಾಣುತ್ತದೆಯೇ ಎಂದು ಬಹಳ ಮಂದಿ ಕೇಳುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಅಲ್ಲಿಂದ ಕಾಣುವುದು ಬಿಳಿಯ ಮಂಜು ಮಾತ್ರ. ಅರಬ್ಬಿ ಸಮುದ್ರದಿಂದ ಬರುವ ನೈಋತ್ಯ ಮಾರುತ ಘಟ್ಟಕ್ಕೆ ತಾಗಿ, ಮೇಲೇರಿ, ತಣಿದು ಮಳೆಯಾಗುವ ಅಂಚಿನಲ್ಲೇ ಊರು ಇರುವುದರಿಂದ ಜುಲೈ ತಿಂಗಳಲ್ಲಿ ಮೋಡವು ಆಕಾಶದಲ್ಲಿರದೆ ರಸ್ತೆಗೇ ಇಳಿದಿರುತ್ತದೆ. ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಈ ಊರಿನಲ್ಲಿ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಆದ್ದರಿಂದ ನಾವು ಗೆಳೆಯರು ದೂರದ ನೋಟದ ಆಸೆಯನ್ನು ಪೂರ್ತಿಯಾಗಿ ಬಿಟ್ಟು, ಕೈಗೆಟಕುವಷ್ಟು ಹತ್ತಿರ ಇರುವುದನ್ನು ನೋಡುವುದಕ್ಕಾಗಿಯೇ ನಡೆಯುತ್ತೇವೆ. ದಾರಿಯ ಆಯ್ಕೆ, ಜನರ ಸಂಖ್ಯೆ, ನಡಿಗೆಯ ವೇಗ ಎಲ್ಲವೂ ಈ ಒಂದು ತೀರ್ಮಾನವನ್ನು ಅನುಸರಿಸಿವೆ.

ನಾಲ್ಕೈದು ಜನಕ್ಕಿಂತ ಹೆಚ್ಚಿನ ಗುಂಪನ್ನು ನಾವು ಕಟ್ಟಿಕೊಳ್ಳುವುದಿಲ್ಲ. ಜಡಿಮಳೆ ಎಲೆಗಳ ಮೇಲೆ ಬೀಳುವ ಸದ್ದಿನಲ್ಲಿ ಹತ್ತು ಹೆಜ್ಜೆ ಹಿಂದಿರುವವನ ಕೂಗೂ ಕೇಳಿಸುವುದಿಲ್ಲ. ಗುಂಪು ದೊಡ್ಡದಾದಷ್ಟೂ ಹಿಂದುಳಿದವರನ್ನು ಎಣಿಸುವುದೇ ಕೆಲಸವಾಗುತ್ತದೆ. ಮಳೆ ಜೋರಾಗಿರುವಾಗ ಇಬ್ಬಿಬ್ಬರಾಗಿ, ಬಹುಮಟ್ಟಿಗೆ ಮಾತಿಲ್ಲದೆ ನಡೆಯುತ್ತೇವೆ. ಮಳೆ ಬಿಟ್ಟು ಹೊಳವಾದಾಗ ಎಲ್ಲರೂ ಒಂದೆಡೆ ಸೇರಿ, ಅಷ್ಟು ಹೊತ್ತು ಒಳಗೇ ಇಟ್ಟುಕೊಂಡ ಮಾತನ್ನೆಲ್ಲ ಒಮ್ಮೆಗೇ ಆಡುತ್ತೇವೆ. ಮತ್ತೆ ಮಳೆ ಹಿಡಿದಾಗ ಜೋಡಿ ಬದಲಾಗುತ್ತದೆ. ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಫೋನಿನಲ್ಲಿ ಮಾತನಾಡಿಕೊಂಡೂ ಹೇಳದಿದ್ದ ಸಂಗತಿಗಳು ಇಂಥ ಹೊಳವಿನಲ್ಲಿ ಹೊರಬಂದಿವೆ.

ಮಳೆಗಾಲದಲ್ಲಿ ನಡೆಯಲು ನನಗೆ ಕಾಡಿನ ಕಾಲುದಾರಿಗಿಂತ ವಾಹನ ಕಡಿಮೆಯಿರುವ ಡಾಂಬರು ರಸ್ತೆಯೇ ಮೇಲು ಎನಿಸುತ್ತದೆ. ಇದನ್ನು ಹೇಳಿದರೆ ಚಾರಣದ ಹುಚ್ಚಿರುವ ಗೆಳೆಯರು ನಗುತ್ತಾರೆ. ಆದರೆ ರಸ್ತೆಯಲ್ಲಿ ಕಾಲಿನ ಕಡೆ ಗಮನ ಇಡಬೇಕಾಗಿಲ್ಲದ್ದರಿಂದ ಕಣ್ಣು ಸ್ವತಂತ್ರವಾಗುತ್ತದೆ, ರಕ್ತ ಹೀರುವ ಉಂಬಳದ (ಜಿಗಣೆಯ) ಕಾಟವೂ ಕಡಿಮೆ. ಗುಡ್ಡೇಕೇರಿಯ ಕಡೆಯಿಂದ ಕುಂದಾದ್ರಿ ಬೆಟ್ಟಕ್ಕೆ ಏರುವ ರಸ್ತೆ ನಮಗೆ ಅಚ್ಚುಮೆಚ್ಚು. ಜೈನ ಮುನಿ ಆಚಾರ್ಯ ಕುಂದಕುಂದರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಆ ಬೆಟ್ಟದ ತುದಿಯಲ್ಲಿ ಪಾರ್ಶ್ವನಾಥ ಬಸದಿ ಇದೆ. ಗಾಳಿ ಬೀಸಿದರೆ ಅಲ್ಲಿ ಕೊಡೆ ನಿಲ್ಲುವುದಿಲ್ಲ. ಅಂಥ ದಿನ ಅರ್ಧ ದಾರಿಯಲ್ಲೇ ಹಿಂದಿರುಗುತ್ತೇವೆ, ತುದಿ ಮುಟ್ಟಲಿಲ್ಲ ಎಂಬ ಬೇಸರ ಯಾರಿಗೂ ಇರುವುದಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯ 14 ತಿರುವುಗಳಲ್ಲಿ ಮಾತ್ರ ನಾವು ನಡೆಯುವುದಿಲ್ಲ: ಒಂದು ಬದಿ ಬಸ್ಸು, ಇನ್ನೊಂದು ಬದಿ ಯಾವಾಗ ಕುಸಿಯುತ್ತದೋ ತಿಳಿಯದ ದರೆ. ಬರ್ಕಣದಂಥ ಜಲಪಾತಗಳ ಕಾಡುದಾರಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಳೆಗಾಲದಲ್ಲಿ ಪ್ರವೇಶ ನಿಷೇಧವಿರುವುದೂ ಉಂಟು. ಅದನ್ನು ನುಸುಳಿ ಹೋಗುವುದರಲ್ಲಿ ಯಾವ ಸಾಹಸವೂ ನನಗೆ ಕಾಣುವುದಿಲ್ಲ.

ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುತ್ತೇವೆ. 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಇಲಾಖೆಯ ಲೆಕ್ಕದಲ್ಲಿ ಅದು ಭಾರೀ ಮಳೆ, 204.4 ಮಿ.ಮೀ. ಮೀರಿದರೆ ಅತ್ಯಂತ ಭಾರೀ ಮಳೆ. ಮೊದಲನೆಯದು ಆಗುಂಬೆಗೆ ಜುಲೈಯಲ್ಲಿ ಮಾಮೂಲು; ಎರಡನೆಯದು ಬರಬಹುದೆಂದು ರೆಡ್ ಅಲರ್ಟ್ ಇರುವ ದಿನ ಜಗಲಿಯಲ್ಲೇ ಕೂರುತ್ತೇವೆ. 100 ಮಿ.ಮೀ. ಮಳೆ ಎಂದರೆ ಪ್ರತಿ ಚದರ ಮೀಟರ್ ನೆಲದ ಮೇಲೆ ನೂರು ಲೀಟರ್ ನೀರು ಎಂದು ಲೆಕ್ಕ ಹಾಕಿ ನೋಡಿದರೆ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನಕ್ಕೆ ದಾಟಲಾಗದಂತಾಗುವುದು ಹೇಗೆಂಬುದು ಅರ್ಥವಾಗುತ್ತದೆ. ಆದರೂ ಮುನ್ಸೂಚನೆಗಿಂತ ನಾವು ಉಳಿದುಕೊಳ್ಳುವ ಮನೆಯ ಅಮ್ಮನ ಮಾತಿಗೇ ಹೆಚ್ಚು ಬೆಲೆ. "ಹಳ್ಳ ಇಳೀದೆ ಸಂಕ ದಾಟ್ಬೇಡಿ ಮಾರಾಯ್ರೆ" ಎಂದು ಹಳ್ಳದ ಕಾಲುಸೇತುವೆಯಾದ ಸಂಕದ ಬಗ್ಗೆ ಅವರು ಹೇಳಿದರೆ ಆ ಕಡೆಯ ದಾರಿ ಅಂದಿಗೆ ಮುಗಿಯಿತು. ನೀರಿನ ಬಣ್ಣ ಏಕಾಏಕಿ ಕೆಂಪಗಾದರೆ, ಕಡ್ಡಿ ಕಸ ತರಗೆಲೆ ಒಟ್ಟೊಟ್ಟಾಗಿ ತೇಲಿಬಂದರೆ ಮೇಲೆಲ್ಲೋ ದೊಡ್ಡ ಮಳೆಯಾಗಿದೆ ಎಂದು ತಿಳಿದು ತಕ್ಷಣ ದಂಡೆಯಿಂದ ಮೇಲೆ ಹತ್ತುತ್ತೇವೆ. ಪಾಚಿ ಹಿಡಿದ ಮರದ ಸಂಕದ ಮೇಲೆ ಒಬ್ಬೊಬ್ಬರಾಗಿಯೇ ಕಾಲಿಡಬೇಕು.

ಉಡುಪಿನ ವಿಚಾರದಲ್ಲಿ ನಮ್ಮೊಳಗೆ ಇನ್ನೂ ಒಮ್ಮತವಿಲ್ಲ. ರೇನ್‌ಕೋಟ್ ತೊಟ್ಟು ಏರು ಹತ್ತಿದರೆ ಒಳಗಿನ ಬೆವರಿನಲ್ಲೇ ತೊಯ್ದುಹೋಗುವುದರಿಂದ ನನ್ನ ಮತ ಬಾಗಿದ ಹಿಡಿಯ ದೊಡ್ಡ ಕಪ್ಪು ಕೊಡೆಗೆ. ಗದ್ದೆಯಲ್ಲಿ ನೆಟ್ಟಿ ಮಾಡುವವರಂತೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಳ್ಳುವುದೇ ಸರಿ ಎಂದು ವಾದಿಸುವ ಗೆಳೆಯನೊಬ್ಬನಿದ್ದಾನೆ. ಎರಡೂ ಕೈ ಬಿಡುವಾಗಿರುತ್ತವೆ ಎಂಬ ಅವನ ಮಾತನ್ನು ತಳ್ಳಿಹಾಕಲಾಗದು. ಜೀನ್ಸ್ ಪ್ಯಾಂಟ್ ಬೇಡ, ನೆನೆದರೆ ಭಾರ, ಒಣಗುವುದೂ ಇಲ್ಲ. ಕಾಲಿಗೆ ತಳದಲ್ಲಿ ಗುಬ್ಬಿಗಳಿರುವ ಅಗ್ಗದ ರಬ್ಬರ್ ಶೂ ಸಾಕು, ದುಬಾರಿ ಚರ್ಮದ ಶೂ ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ಉಂಬಳಕ್ಕೆ ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚುವುದುಂಟು, ಆದರೆ ಎಡೆಬಿಡದ ಮಳೆಯಲ್ಲಿ ಅದು ಬೇಗ ತೊಳೆದುಹೋಗುತ್ತದೆ. ಹತ್ತಿದ ಉಂಬಳವನ್ನು ಉಗುರಿನಿಂದ ಬದಿಗೆ ಜಾರಿಸಿ ತೆಗೆದರೆ ಆಯಿತು. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಟ್ಟಿರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ಹೊಸಬರು ಗಾಬರಿಯಾಗುವುದು ಕಚ್ಚಿದ್ದಕ್ಕಲ್ಲ, ಇದಕ್ಕೆ.

ಹೀಗೆ ನಿಧಾನವಾಗಿ ನಡೆದಾಗ ಕಾಣಸಿಗುವುದರ ಒಂದು ಉದಾಹರಣೆ ಹೇಳುತ್ತೇನೆ. ರಸ್ತೆ ಬದಿಯ ಹೊಂಡವೊಂದರ ಮೇಲೆ ಬಾಗಿದ ಕೊಂಬೆಯಲ್ಲಿ, ಮುಷ್ಟಿ ಗಾತ್ರದ ಬಿಳಿಯ ನೊರೆ ಎಲೆಗಳಿಗೆ ಅಂಟಿಕೊಂಡಿತ್ತು. ಅದು ಮಲಬಾರ್ ಹಾರುವ ಕಪ್ಪೆಯ ಗೂಡು. ಮೊಟ್ಟೆಯಿಡುವಾಗ ಸ್ರವಿಸುವ ದ್ರವವನ್ನು ಹಿಂಗಾಲುಗಳಿಂದ ಕಡೆದು ಅದು ಈ ನೊರೆಯನ್ನು ಮಾಡುತ್ತದೆ. ಒಳಗಿನ ಮೊಟ್ಟೆಗಳು ಒಡೆದ ಮೇಲೆ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಹೊರಪದರ ಸ್ವಲ್ಪ ಗಟ್ಟಿಯಾಗಿ ಹಳದಿಗೆ ತಿರುಗಿತ್ತು. ಕೊಡೆಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದು, ಮುಟ್ಟದೆ, ಬಹಳ ಹೊತ್ತು ನೋಡುತ್ತ ನಿಂತೆವು. ಪಕ್ಕದ ಮರದ ಕವಲಿನಲ್ಲಿ ಮರಕೆಸು ಎದ್ದಿತ್ತು. ಅದರ ಎಲೆಯಿಂದ ಮಾಡುವ ಪತ್ರೊಡೆ ತಿಂಡಿಯ ಮಾತು ಬಂತು, ಆದರೆ ಎಲೆ ಕೀಳಲಿಲ್ಲ. ಇಂಥ ಕಡೆ ಜಾರಿದಾಗ ಪೊದೆಯನ್ನು ಹಿಡಿದುಕೊಳ್ಳುವ ಅಭ್ಯಾಸವನ್ನೂ ಬಿಡಬೇಕು. ಹಸಿರು, ಕಂದು ಹೀಗೆ ಹಲವು ಬಣ್ಣಗಳಲ್ಲಿರುವ ಗುಳಿಮಂಡಲ ಹಾವು ಮಳೆಗಾಲದಲ್ಲಿ ಸೊಂಟದೆತ್ತರದ ಕೊಂಬೆಗಳ ಮೇಲೆ ಅಲುಗಾಡದೆ ಕುಳಿತಿರುತ್ತದೆ, ನೋಡಿ ನಡೆಯುವವರಿಗೆ ಅದರಿಂದ ತೊಂದರೆಯಿಲ್ಲ.

ಘಟ್ಟದ ನೆತ್ತಿಯಲ್ಲಿ ನಿಂತು ಮಾಡುವ ಚರ್ಚೆಯೊಂದು ನಮ್ಮ ಗುಂಪಿನಲ್ಲಿ ಪ್ರತಿ ಸಲ ಎದ್ದೇ ಏಳುತ್ತದೆ. ರಸ್ತೆಯ ಆಚೆ ಬದಿಗೆ ಹರಿದ ನೀರು ಸೀತಾನದಿ ಸೇರಿ ಬೇಗನೆ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈಚೆ ಬದಿಯದು ಮಾಲತಿ, ತುಂಗೆ, ತುಂಗಭದ್ರೆ, ಕೃಷ್ಣೆ ಎಂದು ಹೆಸರು ಬದಲಿಸುತ್ತ ಬಂಗಾಳ ಕೊಲ್ಲಿಯವರೆಗೆ ಸಾಗುತ್ತದೆ. ಕಾಲ ಬುಡದ ಚರಂಡಿ ಯಾವ ಕಡೆಯದು ಎಂದು ಕೊಡೆಯ ತುದಿಯಿಂದ ಗೆರೆ ಎಳೆದು ಜಗಳವಾಡುವಾಗ ನಡುವಯಸ್ಸಿನ ನಾವೆಲ್ಲ ಹೈಸ್ಕೂಲ್ ಹುಡುಗರಾಗಿಬಿಡುತ್ತೇವೆ.

ಮನೆಗೆ ಮರಳಿದೊಡನೆ ಬೆರಳ ಸಂದು, ಕಾಲುಚೀಲದ ಅಂಚು ನೋಡಿಕೊಂಡು, ಬಚ್ಚಲ ಒಲೆಯ ಹಂಡೆ ನೀರಿಗೆ ಸರದಿ ನಿಲ್ಲುತ್ತೇವೆ. ಶೂಗಳಿಗೆ ಹಳೆಯ ಪತ್ರಿಕೆ ತುರುಕಿ ಒಲೆಯಿಂದ ಮಾರು ದೂರ ಇಡುತ್ತೇವೆ. ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಬಟ್ಟೆ ಮಾತ್ರ ಎಷ್ಟು ಹಿಂಡಿ ಹರವಿದರೂ ಹೊರಡುವ ದಿನದವರೆಗೆ ಒಣಗದು. ಆದ್ದರಿಂದ ಹಿಂದಿರುಗುವ ಪ್ರಯಾಣಕ್ಕೆ ಬೇಕಾದ ಒಂದು ಜೊತೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಾರಿನಲ್ಲೇ ಬಿಟ್ಟಿರುತ್ತೇವೆ, ಯಾರು ಕೇಳಿದರೂ ಅದನ್ನು ಮಧ್ಯೆ ಬಿಚ್ಚುವುದಿಲ್ಲ.