ಚಳಿಗಾಲದ ಬಿಸಿಲಲ್ಲಿ ಕಾರವಾರದ ಬೀಚ್ ಪಾರ್ಕ್ ಫೋಟೋ ಹೊಡೆಯೋದು ಹೇಗೆ

ಡಿಸೆಂಬರ್-ಜನವರಿಲಿ ಟ್ಯಾಗೋರ್ ಬೀಚ್ ಕಡೆ ಫೋಟೋ ತೆಗೆಯೋಕೆ ಹೋಗ್ತೀರಾ ಅಂದ್ರೆ ಯಾವ ಕ್ಯಾಮೆರಾ ಅನ್ನೋದು ಆಮೇಲೆ, ಮೊದಲು ದಿಕ್ಕು ನೋಡ್ಕೊಳ್ಳಿ. ನಮ್ಮಲ್ಲಿ ಸೂರ್ಯ ಗುಡ್ಡದ ಕಡೆ ಹುಟ್ಟಿ ಕಡಲಿಗೆ ಇಳಿಯೋದು, ಹಾಗಾಗಿ ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತ್ರೆ ಬಿಸಿಲು ನಿಮ್ಮ ಬೆನ್ನಿಗೆ, ಆಕಾಶ ನೀರು ಎಲ್ಲಾ ಗಟ್ಟಿ ನೀಲಿ ಬರತ್ತೆ, ಅದೇ ಜಾಗದಲ್ಲಿ ಸಂಜೆ ನಾಲ್ಕರ ಮೇಲೆ ನಿಂತ್ರೆ ಎದುರಿಗಿರೋರೆಲ್ಲ ಬರೀ ಕಪ್ಪು ಆಕಾರ. ಅದೂ ಚಂದಾನೇ, ಆದ್ರೆ ಮುಖ ಬೇಕು ಅಂದ್ರೆ ಬೆಳಿಗ್ಗೆನೇ ಬನ್ನಿ.

ಸೂರ್ಯೋದಯ ಏಳರ ಹತ್ರ ಅಂತ ಮೊಬೈಲ್ ಹೇಳತ್ತೆ, ಬಿಸಿಲು ಗುಡ್ಡ ದಾಟಿ ಹುಲ್ಲಿಗೆ ಬೀಳೋದು ಇನ್ನೂ ತಡ. ಅಷ್ಟರೊಳಗೆ ಒಂದು ಚಾ ಆಗತ್ತೆ. ಹೂವಿನ ಕ್ಲೋಸಪ್ ಎಲ್ಲ ಈ ಹೊತ್ತಲ್ಲೇ ಮುಗಿಸಿ ಯಾಕಂದ್ರೆ ಆಗ ನೆಲದ ಕಡೆಯಿಂದ ಮೆಲ್ಲಗೆ ಗಾಳಿ ಅಷ್ಟೇ, ಮಧ್ಯಾಹ್ನ ಆಯ್ತೋ ಕಡಲಗಾಳಿ ಶುರು, ಒಂದು ಹೂವೂ ಸುಮ್ನೆ ನಿಲ್ಲಲ್ಲ.

ಗಾಳಿಮರಗಳನ್ನ ಮಾತ್ರ ಬಿಡಬೇಡಿ ಮಾರಾಯ್ರೆ. ಸೂರ್ಯನ ಕಡೆಗೇ ತಿರುಗಿ, ಕಾಂಡದ ಹಿಂದೆ ಸೂರ್ಯ ಅಡಗೋ ಹಾಗೆ ಒಂದೆರಡು ಹೆಜ್ಜೆ ಅತ್ತಿತ್ತ ಸರೀರಿ. ಆಗ ಸೂಜಿ ಥರದ ಎಲೆಗಳ ಅಂಚು ಹೊಳಿಯತ್ತೆ, ಇಬ್ಬನಿ ಇದ್ರೆ ಒಂದೊಂದು ತುದಿಗೂ ಒಂದೊಂದು ಹನಿ ಕಾಣತ್ತೆ. ಸ್ಕ್ರೀನ್ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬ್ರೈಟ್‌ನೆಸ್ ಸ್ವಲ್ಪ ಕೆಳಗೆ ಎಳೀರಿ, ಇಲ್ಲಾಂದ್ರೆ ಹಿಂದೆ ಆಕಾಶ ಬೆಳ್ಳಗೆ ಸುಟ್ಟೋಗತ್ತೆ.

ಅಲ್ಲೇ ಇರೋ ಐಎನ್‌ಎಸ್ ಚಾಪಲ್ ಯುದ್ಧನೌಕೆ ಮ್ಯೂಸಿಯಂ ಒಂದು ಉಪಕಾರ ಮಾಡತ್ತೆ. ಅದರ ಮೈ ಬೂದು ಬಣ್ಣ, ಅತ್ತ ಬಿಳಿಯೂ ಅಲ್ಲ ಇತ್ತ ಕಪ್ಪೂ ಅಲ್ಲ, ಬಿಸಿಲು ಬಿದ್ದ ಕಡೆ ಅದರ ಮೇಲೆ ಮೀಟರ್ ಮಾಡಿ, ಅಂದ್ರೆ ಕ್ಯಾಮೆರಾ ಕೈಲಿ ಬೆಳಕು ಅಳೆಸಿ, ಲಾಕ್ ಮಾಡ್ಕೊಂಡ್ರೆ ಬೆಳಕು ಹೆಚ್ಚುಕಮ್ಮಿ ಸರಿ ಕೂರತ್ತೆ. ಮ್ಯಾನ್ಯುಯಲ್, ಅಂದ್ರೆ ಸೆಟ್ಟಿಂಗ್ ಎಲ್ಲ ಕೈಯಾರೆ ಇಡೋದು ಇಷ್ಟ ಪಡೋರು ಎಫ್/16 (ಲೆನ್ಸಿನ ತೂತಿನ ಅಳತೆ), ಐಎಸ್ಒ 100 (ಬೆಳಕಿಗೆ ಸೂಕ್ಷ್ಮತೆ), ಶಟರ್ 1/100 ಸೆಕೆಂಡಿಂದ ಶುರು ಮಾಡಿ, ಒಳ್ಳೆ ಬಿಸಿಲಿಗೆ ಇದು ಹಳೇ ಲೆಕ್ಕ.

ಮಧ್ಯಾಹ್ನ ಬರಲೇಬಾರದು ಅಂತ ಎಲ್ರೂ ಹೇಳ್ತಾರೆ, ನಾನು ಒಪ್ಪಲ್ಲ. ಏಪ್ರಿಲ್ ಕೊನೇಲಿ ಸೂರ್ಯ ನಮ್ಮ ನೆತ್ತಿ ಮೇಲೇ ಇರ್ತಾನೆ ನಿಜ, ಡಿಸೆಂಬರಲ್ಲಿ ನಡು ಮಧ್ಯಾಹ್ನಾನೂ ದಕ್ಷಿಣಕ್ಕೆ ವಾಲಿಕೊಂಡು ಸುಮಾರು 52 ಡಿಗ್ರಿ ಎತ್ತರದಲ್ಲಷ್ಟೇ ಇರೋದು, ಬೇಲಿ, ಬೆಂಚು, ಜಾರುಬಂಡಿ ಎಲ್ಲದಕ್ಕೂ ಒಳ್ಳೆ ನೆರಳು ಸಿಗತ್ತೆ, ಆ ನೆರಳನ್ನೇ ಫೋಟೋ ಮಾಡಿ. ಜನರನ್ನ ತೆಗೀಬೇಕಾದ್ರೆ ಮರದ ನೆರಳಿನ ಅಂಚಿಗೆ, ಬಿಸಿಲು ಬಿದ್ದ ಮರಳಿನ ಕಡೆ ಮುಖ ಮಾಡಿಸಿ ನಿಲ್ಲಿಸಿ, ಮರಳೇ ಕೆಳಗಿಂದ ಮುಖಕ್ಕೆ ಬೆಳಕು ಕೊಡತ್ತೆ. ಬೇರೆಯೋರ ಮಕ್ಕಳಾದ್ರೆ ಅಪ್ಪ-ಅಮ್ಮನ್ನ ಒಂದು ಮಾತು ಕೇಳಿ. ಡ್ರೋನ್ ಆಸೆ ಬಿಟ್ಬಿಡಿ, ನೌಕಾನೆಲೆ ಇರೋ ಊರು ಇದು.

ಸಂಜೆ ಸೂರ್ಯ ಮುಳುಗೋದು ಆರು ದಾಟಿದ ಮೇಲೆ, ಅದನ್ನ ಎಲ್ರೂ ತೆಗೀತಾರೆ. ನೀವು ತಿರುಗಿ ಗುಡ್ಡದ ಕಡೆ ನೋಡಿ, ಆ ಹೊತ್ತಿನ ಕೆಂಪು ಬಿಸಿಲು ಬೀಳೋದು ಅಲ್ಲಿಗೆ.

ಮನೆಗೆ ಬಂದ ಮೇಲೆ ಲೆನ್ಸ್ ಮೇಲೆ ಉಪ್ಪಿನ ಮಬ್ಬು ಇರತ್ತೆ. ಅಂಗಿ ತುದಿಯಿಂದ ಉಜ್ಜಬೇಡಿ, ಬ್ಲೋವರ್ (ಗಾಳಿ ಊದೋ ರಬ್ಬರ್ ಬುಗ್ಗೆ) ಇಂದ ಮರಳು ಹಾರಿಸಿ, ಆಮೇಲೆ ಕನ್ನಡಕ ಒರೆಸೋ ಬಟ್ಟೆ ಸ್ವಲ್ಪ ಒದ್ದೆ ಮಾಡಿ ಒರೆಸಿ.