ಕೋರೆಯ ನೀರಿಗೆ ಅಲೆ ಇಲ್ಲ

ಮಲ್ಪೆ ತೀರದಲ್ಲಿ ಜೀವರಕ್ಷಕನಾಗಿ ಸೇರಿದಾಗ ನನ್ನ ಬಳಿ ಇದ್ದ ವಿದ್ಯೆ ಈಜು ಒಂದೇ. ಆಮೇಲೆ ವಿದೇಶಿ ತರಬೇತುದಾರರ ಶಿಬಿರಕ್ಕೆ ಹೋದೆ. ಮೊದಲ ದಿನ ಇಡೀ ಅವರು ನಮ್ಮನ್ನು ನೀರಿಗೆ ಇಳಿಸಲೇ ಇಲ್ಲ, ದಡದಲ್ಲಿ ನಿಂತು ನೀರು ನೋಡಿ ಎಂದರು. ಅಕ್ಕಪಕ್ಕ ಅಲೆ ಒಡೆಯುತ್ತಿದ್ದರೂ ನಡುವೆ ಒಂದು ಪಟ್ಟಿ ಸಪಾಟಾಗಿ ಕಾಣುತ್ತದಲ್ಲ, ಪ್ರವಾಸಿಗರು ಶಾಂತವಾಗಿದೆ ಎಂದು ಇಳಿಯುವುದು ಅಲ್ಲೇ. ದಡಕ್ಕೆ ಬಂದ ನೀರು ಒಟ್ಟಾಗಿ ಕಡಲಿಗೆ ಮರಳುವ ದಾರಿಯೂ ಅದೇ. ಅದರಲ್ಲಿ ಸಿಕ್ಕಿದವರು ದಡದ ಕಡೆ ಈಜಿ ಸೋಲಬಾರದು, ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ ಎಂಬುದನ್ನೂ ಅಲ್ಲೇ ಕಲಿತೆ. ಬಾಯಿ ನೀರಿನ ಮೇಲೆ ಬರುವ ಅರೆಕ್ಷಣ ಉಸಿರಿಗೇ ಸಾಲದು. ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಬೀಸಲು ಬಿಡುವಿರುವುದಿಲ್ಲ.

ಆದರೆ ಮಲ್ಪೆಯಲ್ಲಿ ನಾವಿದ್ದೇವೆ, ಬಾವುಟ ಇದೆ, ತೇಲುವ ಟ್ಯೂಬ್ ಇದೆ. ಒಳನಾಡಿನ ಕಿಂಡಿ ಅಣೆಕಟ್ಟಿನ ಬಳಿ, ಹೊಳೆಯ ಗುಂಡಿಯ ಬಳಿ ಯಾರಿದ್ದಾರೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ಮುಳುಗಿ ಸತ್ತರು. ಹತ್ತರಲ್ಲಿ ಒಂಬತ್ತು ಸಾವು ಬಡ ಮತ್ತು ಮಧ್ಯಮ ಆದಾಯದ ದೇಶಗಳದ್ದು. ಹಾಗಾಗಿ ರಜೆಯ ದಿನಗಳಲ್ಲಿ ಕಾರ್ಕಳದ ಕಡೆಯ ಹಳ್ಳಿಗಳಿಗೆ ಹೋಗತೊಡಗಿದೆ.

ಮೊದಲ ಹಳ್ಳಿಯಲ್ಲಿ ತಪ್ಪು ಮಾಡಿದೆ. ಶಿಬಿರದ ಪಾಠವನ್ನೇ ಒಪ್ಪಿಸಿದೆ: ಸೆಳೆತ, ಅಲೆ, ಬಾವುಟದ ಬಣ್ಣ. ಕೊನೆಗೆ ಒಬ್ಬ ಅಜ್ಜಿ ಕೇಳಿದರು, "ನಮ್ಮ ಕೋರೆಯ ನೀರಿಗೆ ಅಲೆ ಇಲ್ಲವಲ್ಲ ಮಗಾ?" ಆ ಕಲ್ಲುಕೋರೆಯಲ್ಲಿ ಅವರ ತಂಗಿಯ ಮೊಮ್ಮಗ ಮುಳುಗಿ ಹೋಗಿದ್ದ. ಅವನನ್ನು ಎತ್ತಲು ಹಾರಿದ ನೆರೆಮನೆಯ ಹುಡುಗನೂ ಬರಲಿಲ್ಲ.

ಮರುದಿನ ಕೋರೆಗೆ ಹೋಗಿ ಕೂತೆ. ಕೆಂಪುಕಲ್ಲು ಕತ್ತರಿಸಿ ತೆಗೆದ ಹೊಂಡ. ಗೋಡೆ ನೆಟ್ಟಗೆ ಇಳಿದಿದೆ, ಹೊಳೆಯ ದಡದಂತೆ ಇಳಿಜಾರು ಇಲ್ಲ. ಮೇ ಕೊನೆಯ ಪತ್ತನಾಜೆ ಕಳೆದು ಮಳೆ ಹಿಡಿದರೆ ತುಂಬುತ್ತದೆ, ಕೆಂಪು ನೀರಿನಲ್ಲಿ ತಳ ಕಾಣುವುದಿಲ್ಲ. ಒಂದು ಹೆಜ್ಜೆಗೆ ಮೊಣಕಾಲು, ಮುಂದಿನ ಹೆಜ್ಜೆಗೆ ಆಳ. ಪಾಚಿ ಹಿಡಿದ ಗೋಡೆಯಲ್ಲಿ ಕೈಗೆ ಹಿಡಿತ ಸಿಗದು. ಅಲ್ಲಿಗೆ ಬೇಕಾದದ್ದು ಈಜುಗಾರನಲ್ಲ, ದಡದಿಂದಲೇ ಎಸೆಯುವ ಏನಾದರೊಂದು.

ನಾವು ಮಾಡಿದ್ದು ಇಷ್ಟು. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್, ಹದಿನೈದು ಮೀಟರ್ ನೈಲಾನ್ ಹಗ್ಗ. ಪೂರ್ತಿ ಖಾಲಿ ಕ್ಯಾನ್ ಗಾಳಿಗೆ ಎಲ್ಲೋ ಹೋಗುತ್ತದೆ, ಅದಕ್ಕೇ ನಾಲ್ಕು ಬೆರಳು ನೀರು ತುಂಬಿ ಮುಚ್ಚಳ ಬಿಗಿ ಮಾಡಬೇಕು. ಹಗ್ಗದ ಇನ್ನೊಂದು ತುದಿಯನ್ನು ಕಾಲಡಿಗೆ ಒತ್ತಿಕೊಂಡು, ಮುಳುಗುವವರ ತಲೆ ದಾಟಿ ಆಚೆ ಬೀಳುವಂತೆ ಎಸೆದು ಎಳೆಯಬೇಕು, ಹಗ್ಗ ಅವರ ಭುಜಕ್ಕೆ ತಾಗುತ್ತದೆ. ಎಳೆಯುವವರು ನೆಲದಲ್ಲಿ ಮಲಗಬೇಕು, ನಿಂತರೆ ಮುಳುಗುವವರ ಭಾರ ಅವರನ್ನೂ ನೀರಿಗೆ ಎಳೆಯಬಹುದು. ಶಾಲೆಯ ಅಂಗಳದಲ್ಲಿ ಚಾಕ್‌ನಿಂದ ಗೆರೆ ಎಳೆದು ಎಸೆಯುವ ಪಂದ್ಯ ಮಾಡಿಸಿದೆ. ಸ್ವಸಹಾಯ ಸಂಘದ ಹೆಂಗಸರು ಗಂಡಸರಿಗಿಂತ ಬೇಗ ಗುರಿ ಹಿಡಿದರು.

ಅತಿ ಕಷ್ಟವಾದದ್ದು ಇನ್ನೊಂದು. ಮುಳುಗಿದವರನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಹಳ್ಳಿಗಳಲ್ಲಿ ಹಿಂದಿನಿಂದ ಬಂದದ್ದು. ಅದರಲ್ಲಿ ಕಳೆಯುವ ನಿಮಿಷಗಳೇ ಜೀವ ಕಳೆಯುತ್ತವೆ, ಹೊಟ್ಟೆಯ ನೀರು ಬಂದು ಉಸಿರಾಟದ ಕೊಳವೆಗೂ ಇಳಿಯಬಹುದು. ನೀರಲ್ಲಿ ಸಿಕ್ಕಿದವರ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ. ಆದ್ದರಿಂದ ಉಸಿರಾಡದವರಿಗೆ ಮೊದಲು ಗಾಳಿ ಕೊಡಬೇಕು. ತಲೆ ಹಿಂದಕ್ಕೆ ಬಾಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಐದು ಉಸಿರು. ಆಮೇಲೆ ಎದೆಯ ಮಧ್ಯೆ 30 ಒತ್ತು, 2 ಉಸಿರು, 30 ಒತ್ತು, 2 ಉಸಿರು, ನಿಲ್ಲಿಸದೆ. ಒಬ್ಬರು 108ಕ್ಕೆ ಕರೆ ಮಾಡಬೇಕು. ಹಿರಿಯರನ್ನು ಬೈದರೆ ಯಾರೂ ಕೇಳುವುದಿಲ್ಲ. ಅವರ ಕೈಗೇ ಅಭ್ಯಾಸದ ಬೊಂಬೆ ಕೊಟ್ಟು, ಎದೆ ಏಳುವುದನ್ನು ಅವರೇ ನೋಡಿದ ಮೇಲೆ ಒಪ್ಪಿದರು.

ಕ್ಯಾನ್ ಈಗ ಕೋರೆಯ ಪಕ್ಕದ ಹಲಸಿನ ಮರದಲ್ಲಿ ತೂಗುತ್ತಿದೆ. ಕಳೆದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ತುಳು ತಿಂಗಳಲ್ಲಿ, ಹೋದಾಗ ಹಗ್ಗ ಇರಲಿಲ್ಲ, ಯಾರೋ ದನ ಕಟ್ಟಲು ಬಿಚ್ಚಿಕೊಂಡಿದ್ದರು. ನೋಡಿ ಎದೆ ಧಸಕ್ಕೆಂದಿತು. ಸಂಘದವರು ಅದೇ ಸಂಜೆ ಹೊಸ ಹಗ್ಗ ತಂದರು. ಅಂದಿನಿಂದ ವಾರದ ಸಭೆ ಮುಗಿಸಿ ಮನೆಗೆ ಹೋಗುವಾಗ ಸರದಿಯಲ್ಲಿ ಒಬ್ಬರು ಕೋರೆಯ ದಾರಿ ಹಿಡಿಯುತ್ತಾರೆ, ಹಗ್ಗವನ್ನೊಮ್ಮೆ ಜಗ್ಗಿ ನೋಡುತ್ತಾರೆ.