ಗಣಿತದ ಪೀರಿಯಡ್‌ಗೆ ಚೌಕಾಬಾರ

4-5ನೇ ತರಗತಿಗೆ ಗಣಿತ ಹೇಳಿಕೊಡುವವರು ವಾರಕ್ಕೊಂದು ಪೀರಿಯಡ್ ಚೌಕಾಬಾರಕ್ಕೆ ಕೊಟ್ಟು ನೋಡಿ. ಖರ್ಚೇನೂ ಇಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರ 25 ಮನೆ ಬರೆಯಿರಿ. ಕವಡೆ ಸಿಗದಿದ್ದರೆ ಇಬ್ಭಾಗ ಮಾಡಿದ ಹುಣಸೆಬೀಜದ 4 ಹೋಳು ಸಾಕು. ಬಿಳಿ ಮೇಲಾಗಿ ಬಿದ್ದಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ಚೌಕ, ಅಂದರೆ 4. ನಾಲ್ಕೂ ಕಪ್ಪಾದರೆ ಬಾರ, 8. ನಿಮ್ಮೂರಲ್ಲಿ ನಿಯಮ ಬೇರೆ ಇದ್ದರೆ ಅದನ್ನೇ ಇಟ್ಟುಕೊಳ್ಳಿ.

ಎಣಿಕೆ ಬರುತ್ತೆ ಅನ್ನೋದು ಚಿಕ್ಕ ಲಾಭ. ಅಸಲಿ ಲಾಭ ಎದುರಿನವರ ಕಾಯಿ ಕಡಿಯೋಕೆ ಹೊರಟಾಗ. "ನಂಗೆ ಮೂರೇ ಬೇಕು, ಎರಡು ಬಿದ್ರೆ ಕಟ್ಟೇಲಿ (ಕಾಯಿ ಕಡಿಯಲಾಗದ ಮನೇಲಿ) ಕೂರ್ತೀನಿ" ಅಂತ ಮಗು ಗರ ಹಾಕೋ ಮೊದಲೇ ಲೆಕ್ಕ ಹಾಕಿರುತ್ತೆ. ಬೋರ್ಡಿನ ಮೇಲೆ 13+3 ಬರೆದರೆ ಬೆರಳು ಮಡಚುವ ಮಗುವೇ ಇದು! ತಪ್ಪು ನಡೆಸಿದರೆ ಪಕ್ಕದವರೇ ಹಿಡಿಯುತ್ತಾರೆ, ನಾವು ಕೆಂಪು ಪೆನ್ನು ತೆಗೆಯಬೇಕಿಲ್ಲ.

ಪ್ರೌಢಶಾಲೆಯವರು ಸಂಭವನೀಯತೆಗೂ ಇದನ್ನೇ ಬಳಸಬಹುದು. ಬಿದ್ದ ಗರಗಳನ್ನೆಲ್ಲ ಗೀಟು ಹಾಕಿ ಬರೆಸಿ. ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಅಂದುಕೊಂಡರೆ, ಆಗಬಹುದಾದ 16 ಬಗೆಗಳಲ್ಲಿ ಎರಡು ಬೀಳೋದು 6, ಬಾರ ಒಂದೇ ಒಂದು. ಮಕ್ಕಳ ಪಟ್ಟಿ ಸಾಮಾನ್ಯವಾಗಿ ಇಷ್ಟು ನೀಟಾಗಿ ಬರಲ್ಲ. ಯಾಕೆ ಅಂತ ಅವರ ಬಾಯಲ್ಲೇ ಹೇಳಿಸಿ, ಬೀಜ ನಾಣ್ಯದಂತೆ ಚಪ್ಪಟೆ ಅಲ್ಲವಲ್ಲ.

ಒಂದು ಮಣೆಗೆ ನಾಲ್ಕೇ ಜನ. ಗೆದ್ದವರಿಗೆ ಅಂಕ ಕೊಡಬೇಡಿ, ಸೋತ ಮಗು ಮುಂದಿನ ವಾರ ಹಿಂದೆ ಕೂರುತ್ತೆ. ಗಲಾಟೆಯಂತೂ ಗ್ಯಾರಂಟಿ, ಪಕ್ಕದ ಕ್ಲಾಸಿನ ಮೇಡಂಗೆ ಮೊದಲೇ ಹೇಳಿಬಿಡಿ.